ಗೊತ್ತಿರಲಿಲ್ಲ ಎಂಬ ಮಾತು



ಸಾವಿನ ಮನೆಗೆ ಹೋದವರು ಹೆಚ್ಚು ಮಾತನಾಡಬಾರದೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ರೂಢಿ. ಕೆಲವು ತಿಂಗಳ ಹಿಂದೆ ನಲ್ಲಂಪಳ್ಳಿ ಸೀಮೆಯ ಒಂದು ಹಳ್ಳಿಗೆ ಮಠದ ಪರವಾಗಿ ಹೋಗಿ ಭಕ್ತರೊಬ್ಬರ ಮನೆಯ ಜಗಲಿಯ ಮೇಲೆ ಕುಳಿತಾಗ ನಾವೂ ಆ ರೂಢಿಯನ್ನೇ ಪಾಲಿಸಿದೆವು. ಆ ಮನೆಯ ಸೊಸೆ, ಇಪ್ಪತ್ತೈದರ ಹೆಣ್ಣುಮಗಳು, ಎರಡನೆಯ ಹೆರಿಗೆಯಾದ ಮೂರನೆಯ ದಿನ ತೀರಿಕೊಂಡಿದ್ದಳು. ಕೂಸು ಕ್ಷೇಮವಾಗಿತ್ತು. ಒಳಗಿನಿಂದ ಅದರ ಅಳು ಕೇಳುತ್ತಿತ್ತು.

ನಾವು ಮಾತನಾಡದಿದ್ದರೂ ಮನೆಯವರು ಮಾತನಾಡಿದರು. ಎಂಟನೆಯ ತಿಂಗಳಿನಿಂದಲೇ ಆಕೆಗೆ ನಾಲ್ಕು ಹೆಜ್ಜೆ ನಡೆದರೆ ಮೇಲುಸಿರು ಬರುತ್ತಿತ್ತಂತೆ. "ಹೊಟ್ಟೆ ದೊಡ್ಡದಾದರೆ ಯಾರಿಗೆ ಬರೋದಿಲ್ಲ ಸ್ವಾಮಿ, ನಮಗೆ ಗೊತ್ತಿರಲಿಲ್ಲ" ಎಂದರು ಅತ್ತೆ. ಹೆರಿಗೆ ಸುಖವಾಗಿಯೇ ಆಯಿತು. ಎರಡನೆಯ ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದಳಂತೆ. ವಾಯು ಇರಬಹುದೆಂದು ತಿಳಿದು ಸರಿರಾತ್ರಿಯಲ್ಲಿ ನರ್ಸಮ್ಮನನ್ನು ಎಬ್ಬಿಸಲು ಜೊತೆಯಲ್ಲಿದ್ದವರು ಹಿಂಜರಿದರು. "ಇಷ್ಟಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ಲ" ಎಂದ ಗಂಡ. ಕೊಳ್ಳೇಗಾಲದ ಕಡೆಯಿಂದ ಬಂದಿದ್ದ ಆಕೆಯ ತಂದೆ ಬಹಳ ಹೊತ್ತು ಸುಮ್ಮನಿದ್ದು, ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವಳಿಗೆ ಜ್ವರ ಬಂದು ಮಂಡಿ, ಮೊಣಕೈ, ಹರಡು ಒಂದಾದ ಮೇಲೊಂದು ಊದಿಕೊಂಡಿದ್ದವೆಂದೂ, ಡಾಕ್ಟರು ಇಪ್ಪತ್ತೊಂದು ದಿನಕ್ಕೊಮ್ಮೆ ಒಂದು ಇಂಜೆಕ್ಷನ್ ತಪ್ಪದೆ ಹಾಕಿಸಬೇಕೆಂದು ಹೇಳಿದ್ದರೆಂದೂ, ಎರಡು ವರ್ಷ ಹಾಕಿಸಿ, ಹುಡುಗಿ ಓಡಾಡಿಕೊಂಡು ಇದ್ದಾಳಲ್ಲ ಎಂದು ನಿಲ್ಲಿಸಿದೆವೆಂದೂ ಹೇಳಿದರು. "ವಾಸಿಯಾಗಿತ್ತಲ್ಲ ಸ್ವಾಮಿ. ವಾಸಿಯಾದ ಕಾಯಿಲೇನ ಮದುವೆ ಮಾತುಕತೆಯಲ್ಲಿ ಯಾಕೆ ಎತ್ತೋದು ಅಂತ ಬಿಟ್ವಿ. ಅದು ಎದೇಲಿ ಕೂತಿದೆ ಅಂತ ಗೊತ್ತಿರಲಿಲ್ಲ."

ಹಿಂದಿರುಗುವ ದಾರಿಯಲ್ಲಿ ನಮಗೆ ಇನ್ನೊಂದು ಸಂಗತಿ ನೆನಪಾಯಿತು. ಆ ಮದುವೆ ನಡೆದದ್ದು ನಮ್ಮ ಮಠದ ಸಾಮೂಹಿಕ ವಿವಾಹದಲ್ಲಿ. ವಧೂವರರ ವಯಸ್ಸಿನ ದಾಖಲೆ, ಪಡಿತರ ಚೀಟಿಯ ಪ್ರತಿ, ಎರಡು ಭಾವಚಿತ್ರ, ಇವನ್ನೆಲ್ಲ ನೋಡಿ ರುಜು ಹಾಕಿದವರು ನಾವೇ. ಆರೋಗ್ಯದ ಬಗ್ಗೆ ಒಂದು ಮಾತನ್ನೂ ನಾವು ಕೇಳಿರಲಿಲ್ಲ. ಆ ಜಗಲಿಯ ಮೇಲೆ ನಮ್ಮನ್ನು ಯಾರಾದರೂ ಪ್ರಶ್ನಿಸಿದ್ದರೆ ನಾವೂ "ಗೊತ್ತಿರಲಿಲ್ಲ" ಎಂದೇ ಹೇಳುತ್ತಿದ್ದೆವು.

ಈ ಒಂದು ಮಾತನ್ನು ಇಂದು ಭಕ್ತಬಾಂಧವರೊಡನೆ ಕೂಡಿ ವಿಚಾರ ಮಾಡಬೇಕೆಂದಿದ್ದೇವೆ. ಗೊತ್ತಿರಲಿಲ್ಲ ಎಂದರೆ ತಪ್ಪಿಲ್ಲ ಎಂದು ಅರ್ಥವೇ?

ಮೊದಲು ಕಾಯಿಲೆಯ ಸ್ವರೂಪವನ್ನು ತಿಳಿಯೋಣ. ಮಕ್ಕಳಿಗೆ ಐದರಿಂದ ಹದಿನೈದು ವರ್ಷದೊಳಗೆ ಗಂಟಲು ನೋವು ಬರುವುದು ಸಾಮಾನ್ಯ. ಅದರಲ್ಲಿ ಒಂದು ಬಗೆಯ ರೋಗಾಣುವಿನಿಂದ ಬಂದ ಗಂಟಲು ನೋವಿಗೆ ಸರಿಯಾದ ಔಷಧಿ ಬೀಳದಿದ್ದರೆ, ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ ಜ್ವರವೂ ಕೀಲುಗಳ ಊತವೂ ಬರುತ್ತವೆ. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ಕೀಲಿನ ಊತ ಇಳಿದುಹೋಗುತ್ತದೆ, ಆದರೆ ಹೃದಯದ ಕವಾಟಕ್ಕೆ ತಗಲಿದ ಪೆಟ್ಟು ಉಳಿಯಬಹುದು. ಜ್ವರ ಮರುಕಳಿಸಿದಷ್ಟೂ ಆ ಪೆಟ್ಟು ಹೆಚ್ಚುತ್ತದೆ. ಹಾಗೆ ಮರುಕಳಿಸದಿರಲೆಂದೇ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಬೇಕೆನ್ನುವುದು. ನಿಲ್ಲಿಸುವುದನ್ನು ಡಾಕ್ಟರು ಹೇಳಬೇಕೇ ಹೊರತು, ಮಗು ಆಡಿಕೊಂಡಿದೆ ಎಂಬುದು ನಿಲ್ಲಿಸಲು ಕಾರಣವಲ್ಲ.

ಕವಾಟ ಕಿರಿದಾದರೆ ಏನಾಗುತ್ತದೆಂಬುದನ್ನು ರೈತರಿಗೆ ವಿವರಿಸಬೇಕಾಗಿಲ್ಲ. ಕೆರೆಯ ತೂಬು ಹೂಳು ತುಂಬಿ ಕಿರಿದಾದರೂ ಬೇಸಿಗೆಯಲ್ಲಿ ಕೆಲಸ ನಡೆಯುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ, ಹೋಗಲು ದಾರಿಯಿಲ್ಲದ ನೀರು ಹಿಂದಕ್ಕೆ ನಿಂತು ಮೇಲಿನ ಗದ್ದೆಯನ್ನು ಮುಳುಗಿಸುತ್ತದೆ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಏಳು ಎಂಟನೆಯ ತಿಂಗಳ ಹೊತ್ತಿಗೆ ಹೃದಯದ ಕೆಲಸ ಬಹುತೇಕ ತುದಿ ಮುಟ್ಟಿರುತ್ತದೆ. ಆಗ ಕಿರಿದಾದ ಕವಾಟದ ಹಿಂದೆ ರಕ್ತ ನಿಂತು ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ಅದುವರೆಗೆ ಹೊಲದಲ್ಲಿ ದುಡಿದುಕೊಂಡಿದ್ದ, ಒಂದು ದಿನವೂ ಎದೆನೋವೆಂದು ಹೇಳದಿದ್ದ ಹೆಣ್ಣುಮಗಳ ಕಾಯಿಲೆ ಹೊರಗೆ ಕಾಣುವುದು ಆಗಲೇ.

ಹೆರಿಗೆಯಾದರೆ ಭಾರ ಇಳಿಯಿತು, ಇನ್ನು ಭಯವಿಲ್ಲ ಎಂದು ನಾವೆಲ್ಲ ತಿಳಿಯುತ್ತೇವೆ. ಧರ್ಮಪುರಿಯಿಂದ ಸೇಲಂಗೆ ಹೋಗುವ ಲಾರಿಯವರನ್ನು ಕೇಳಿ ನೋಡಿ. ತೊಪ್ಪೂರು ಘಾಟಿಯಲ್ಲಿ ಅವರು ಹೆದರುವುದು ಇಳಿಜಾರಿಗೆ. ಭಾರ ತುಂಬಿದ ಗಾಡಿ ಇಳಿಯುವಾಗಲೇ ಅಪಾಯ. ಹೆರಿಗೆಯಾದೊಡನೆ ಗರ್ಭಕೋಶ ಕುಗ್ಗಿ, ಅಲ್ಲಿದ್ದ ರಕ್ತವೆಲ್ಲ ಒಮ್ಮೆಗೇ ಹೃದಯದ ಕಡೆಗೆ ನುಗ್ಗುತ್ತದೆ. ದುರ್ಬಲ ಹೃದಯದವರಿಗೆ ಮೊದಲ ಒಂದೆರಡು ದಿನಗಳೇ ಎಲ್ಲಕ್ಕಿಂತ ಕಷ್ಟದವು. ಕೂಸನ್ನು ನೋಡಲು ನಂಟರು ಸೇರಿ ಸಕ್ಕರೆ ಹಂಚುವ ಹೊತ್ತಿನಲ್ಲೇ ತಾಯಿಯ ಮೇಲೆ ಕಣ್ಣಿಡಬೇಕು.

ಇದು ಎಲ್ಲೋ ಒಬ್ಬಿಬ್ಬರ ಸಂಗತಿಯಲ್ಲ. ಚೆನ್ನೈನ ಮದ್ರಾಸು ವೈದ್ಯಕೀಯ ಕಾಲೇಜಿನ ವೈದ್ಯರು 2016ರ ಜುಲೈಯಿಂದ 2019ರ ಡಿಸೆಂಬರ್‌ವರೆಗೆ ಹೃದ್ರೋಗವುಳ್ಳ 1,005 ಮಂದಿ ಗರ್ಭಿಣಿಯರ ವಿವರವನ್ನು ದಾಖಲಿಸಿ 2023ರಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ ನೂರಕ್ಕೆ 60 ಮಂದಿಗೆ ತಮಗೆ ಹೃದ್ರೋಗವಿದೆಯೆಂದು ಮೊದಲು ತಿಳಿದದ್ದೇ ಗರ್ಭಿಣಿಯಾದ ಮೇಲೆ. ನೂರಕ್ಕೆ 42ರಷ್ಟು ಪ್ರಕರಣಗಳಿಗೆ ಮೂಲ ನಾವು ಮೇಲೆ ಹೇಳಿದ ರುಮ್ಯಾಟಿಕ್ ಹೃದ್ರೋಗ. ನೂರರಲ್ಲಿ ಸುಮಾರು ಇಬ್ಬರು ತೀರಿಕೊಂಡರು. ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದಬೇಕು. ಇಬ್ಬರು ಹೋದದ್ದು ದುಃಖವೇ. ಆದರೆ ಕಾಯಿಲೆ ತಿಳಿದು ವೈದ್ಯರ ಕಣ್ಣಳತೆಯಲ್ಲಿದ್ದ ಉಳಿದ ತೊಂಬತ್ತೆಂಟು ಮಂದಿ ಬದುಕಿದರು. ಹೃದ್ರೋಗವೆಂದರೆ ಸಾವು ಎಂಬ ನಮ್ಮ ತಿಳಿವಳಿಕೆಯೂ ಸುಳ್ಳು, ಗರ್ಭಿಣಿಯ ಮೇಲುಸಿರು ಯಾವಾಗಲೂ ಸಹಜ ಎಂಬುದೂ ಸುಳ್ಳು.

ಈಗ ನಮ್ಮ ಪ್ರಶ್ನೆಗೆ ಬರೋಣ. ಲೆಕ್ಕಪತ್ರ ಓದಿದ ನಮಗೆ ಒಂದು ಅಭ್ಯಾಸವಿದೆ. ರೋಕಡದಲ್ಲಿ ವ್ಯತ್ಯಾಸ ಬಂದಾಗ ಮೊತ್ತವನ್ನು ಒಟ್ಟಾಗಿ ನೋಡದೆ ಬಿಡಿಬಿಡಿಯಾಗಿ ನೋಡುತ್ತೇವೆ. "ಗೊತ್ತಿರಲಿಲ್ಲ" ಎಂಬುದನ್ನೂ ಹಾಗೆ ಬಿಡಿಸಿದರೆ ಅದರಲ್ಲಿ ಮೂರು ಬಾಬತ್ತುಗಳು ಕಾಣುತ್ತವೆ.

ಮೊದಲನೆಯದು, ಯಾರಿಗೂ ತಿಳಿಯಲು ಸಾಧ್ಯವಿಲ್ಲದ್ದು. ಪೂರ್ಣ ಆರೋಗ್ಯವಂತೆಯಾದ ಹೆಣ್ಣುಮಗಳಿಗೂ ಗರ್ಭದ ಕೊನೆಯ ತಿಂಗಳಿನಿಂದ ಹೆರಿಗೆಯಾದ ಐದು ತಿಂಗಳೊಳಗೆ ಹೃದಯದ ಸ್ನಾಯು ತಾನಾಗಿಯೇ ಬಲಗುಂದುವ ಒಂದು ಕಾಯಿಲೆಯಿದೆ. ಅದು ಏಕೆ ಬರುತ್ತದೆಂಬುದು ವೈದ್ಯಲೋಕಕ್ಕೇ ಇನ್ನೂ ಪೂರ್ತಿಯಾಗಿ ತಿಳಿದಿಲ್ಲ. ಇಂಥದು ಬರುವುದೆಂದು ಮುಂಚೆಯೇ ತಿಳಿಯದ್ದಕ್ಕೆ ಯಾವ ಅತ್ತೆಯೂ ಯಾವ ಗಂಡನೂ ಅಪರಾಧಿಯಲ್ಲ. ಅವರನ್ನು ದೂರುವುದೇ ತಪ್ಪು. ಸೊಸೆಯ ಕಾಲ್ಗುಣ, ಕೂಸಿನ ನಕ್ಷತ್ರ ಎಂದು ಬಂದವರೆಲ್ಲ ಒಂದೊಂದು ಮಾತು ಸೇರಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಎರಡನೆಯದು, ತಿಳಿಯಬಹುದಾಗಿತ್ತು, ಆದರೆ ಕೇಳಲಿಲ್ಲ. ನಮ್ಮ ಜಗಲಿಯ ಮೇಲಿನ ಮಾತುಗಳಲ್ಲಿ ಹೆಚ್ಚಿನವು ಈ ಬಗೆಯವು. ಅತ್ತೆಗೆ ಸೊಸೆಯ ಮೇಲುಸಿರು ಕಿವಿಗೆ ಬಿದ್ದಿತ್ತು. ಗಂಡನಿಗೆ ಆಕೆ ಮಲಗಲಾರದೆ ಕುಳಿತದ್ದು ಕಣ್ಣಿಗೆ ಬಿದ್ದಿತ್ತು. ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವ ಒಂದು ಹೆಜ್ಜೆ ಬಾಕಿ ಉಳಿಯಿತು. ಇದನ್ನು ಪಾಪವೆಂದು ಕರೆಯಲು ನಮಗೆ ನಾಲಗೆ ಏಳದು, ಏಕೆಂದರೆ ಅವರಲ್ಲಿ ಕೆಡುಕಿರಲಿಲ್ಲ. ಆದರೂ ಇದನ್ನು ಏನೂ ಅಲ್ಲವೆಂದು ಬಿಡಲಾಗದು. ಹಸು ಮೇವು ಬಿಟ್ಟ ದಿನವೇ ದನದ ಡಾಕ್ಟರನ್ನು ಕರೆಯುವ ಮನೆಗಳು ನಮ್ಮವು. ರೇಷ್ಮೆ ಹುಳು ಸೊಪ್ಪು ಮುಟ್ಟದಿದ್ದರೆ ರಾತ್ರಿಯೆಲ್ಲ ದೀಪ ಹಿಡಿದು ನೋಡುವವರು ನಾವು. ನೋಡುವ ಕಣ್ಣು ನಮಗಿಲ್ಲದೆ ಇಲ್ಲ. ಆ ಕಣ್ಣನ್ನು ಹೆಣ್ಣುಮಗಳ ಕಡೆಗೆ ತಿರುಗಿಸಲಿಲ್ಲ ಎಂಬುದೇ ಇಲ್ಲಿಯ ಬಾಕಿ. ಸಾಮೂಹಿಕ ವಿವಾಹದ ಅರ್ಜಿಗೆ ರುಜು ಹಾಕಿದ ನಮ್ಮ ಹೆಸರಿನಲ್ಲೂ ಆ ಬಾಕಿ ಇದೆ.

ಮೂರನೆಯದು, ತಿಳಿದೂ ಮುಚ್ಚಿಟ್ಟದ್ದು. ಹುಡುಗಿಯ ಹೃದಯದಲ್ಲಿ ತೂತಿದೆಯೆಂದೋ ಕವಾಟ ಸರಿಯಿಲ್ಲವೆಂದೋ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮದುವೆ ಮಾಡುವುದು. ಇಂಥ ತಂದೆತಾಯಿಗಳೂ ನಮ್ಮಲ್ಲಿಗೆ ಬಂದು ಗುಟ್ಟಾಗಿ ಸಲಹೆ ಕೇಳಿದ್ದುಂಟು. ಅವರನ್ನು ಕಟುವಾಗಿ ನುಡಿಯುವುದು ಸುಲಭ. ಆದರೆ ಅವರು ನಮಗೆ ಹಿಂದಿರುಗಿಸುವ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. "ನಿಜ ಹೇಳಿದರೆ ನಿಮ್ಮ ಭಕ್ತರಲ್ಲಿ ಒಬ್ಬರಾದರೂ ನಮ್ಮ ಹುಡುಗಿಯನ್ನು ತಂದುಕೊಳ್ಳುತ್ತಾರೆಯೇ? ಹೇಳಿ ಅವಳನ್ನು ಮನೆಯಲ್ಲೇ ಕೂರಿಸಿಕೊಳ್ಳಬೇಕೆ? ಅವಳ ಹಿಂದಿರುವ ತಂಗಿಯ ಗತಿಯೇನು?"

ಇಲ್ಲಿ ನಾವು ವ್ಯಾಪಾರಸ್ಥರ ಒಂದು ನಿಯಮವನ್ನು ನೆನೆಯುವುದುಂಟು. ಸಂತೆಯಲ್ಲಿ ಎತ್ತು ಮಾರುವವನು ಅದರ ಸುಳಿ, ಹಲ್ಲು, ಕುಂಟು ಎಲ್ಲವನ್ನೂ ಹೇಳಿ ಮಾರಬೇಕು, ಮುಚ್ಚಿಟ್ಟು ಮಾರಿದರೆ ಅದು ವಂಚನೆ. ಮದುವೆಗೂ ಇದೇ ನಿಯಮ ಎಂದು ಕೆಲವರು ವಾದಿಸುತ್ತಾರೆ. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ವಿಚಾರ ಮಾಡಿದಷ್ಟೂ ಈ ವಾದದಲ್ಲಿ ಒಂದು ದೊಡ್ಡ ದೋಷ ಕಂಡಿತು. ಹೆಣ್ಣುಮಗಳು ಸರಕಲ್ಲ. ಕೊಳ್ಳುವವನಿಗೆ ನಷ್ಟವಾಗದಿರಲೆಂದು ಹೇಳುವ ಸತ್ಯಕ್ಕೂ, ಅವಳ ಜೀವ ಉಳಿಯಲೆಂದು ಹೇಳುವ ಸತ್ಯಕ್ಕೂ ಬಹಳ ಅಂತರವಿದೆ. ಕಾಯಿಲೆಯ ನಿಜ ಮೊದಲು ಸಲ್ಲಬೇಕಾದದ್ದು ವರನ ತಂದೆಗಲ್ಲ, ಆ ಹುಡುಗಿಗೆ.

ಇದನ್ನು ಓದುವವರು ಒಂದು ಕ್ಷಣ ನಿಲ್ಲಬೇಕೆಂದು ಪ್ರಾರ್ಥನೆ. ನಮ್ಮ ಎಷ್ಟು ಮನೆಗಳಲ್ಲಿ ಮಗಳಿಗೆ ಅವಳ ಬಾಲ್ಯದ ಕಾಯಿಲೆಯ ಹೆಸರನ್ನು ಹೇಳಿದ್ದೇವೆ? ಹೆದರಿಕೊಂಡಾಳು, ಬಾಯಿಬಿಟ್ಟಾಳು ಎಂದು ಅವಳಿಂದಲೇ ಬಚ್ಚಿಡುತ್ತೇವೆ. ಅವಳು ಗಡಿ ದಾಟಿ ಗಂಡನ ಮನೆಗೆ ಬರುತ್ತಾಳೆ. ಚಾಮರಾಜನಗರ, ಕೊಳ್ಳೇಗಾಲ, ಕನಕಪುರದ ಕಡೆಯ ಆಸ್ಪತ್ರೆಯ ಹಳೆಯ ಚೀಟಿ ತವರಿನಲ್ಲೇ ಉಳಿಯುತ್ತದೆ. ಇಲ್ಲಿಯ ನರ್ಸಮ್ಮ ತಮಿಳಿನಲ್ಲಿ ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಕೇಳಿದರೆ, ಹುಡುಗಿ ನಿಜವಾಗಿಯೂ ಇಲ್ಲವೆಂದೇ ಹೇಳುತ್ತಾಳೆ. ಅವಳು ಸುಳ್ಳು ಹೇಳಲಿಲ್ಲ, ಅವಳ ನಿಜವನ್ನು ನಾವು ಅವಳಿಂದ ಕಸಿದುಕೊಂಡಿದ್ದೇವೆ. ಹೊರಲಾರದ ಭಾರವನ್ನು ಒಬ್ಬರ ತಲೆಯ ಮೇಲಿಟ್ಟು, ತೂಕವೆಷ್ಟೆಂದೂ ತಿಳಿಸದೆ ನಡೆ ಎನ್ನುವುದು ಪ್ರೀತಿಯಾಗದು.

ಹುಡುಗಿಯ ತರುವಾಯ ತಿಳಿಯಬೇಕಾದವರು ಅವಳನ್ನು ನೋಡುವ ವೈದ್ಯರು ಮತ್ತು ಅವಳ ಕೈಹಿಡಿಯುವವನು. ಇವನಿಗೆ ಹೇಳಬೇಕಾದದ್ದು ಮದುವೆಯ ಮುಂಚೆಯೇ, ಏಕೆಂದರೆ ರಾತ್ರಿ ಆಕೆ ಎದ್ದು ಕುಳಿತರೆ ಪಕ್ಕದಲ್ಲಿರುವವನು ಅವನು. ಮಧ್ಯಸ್ಥಗಾರರಿಗೆ, ಓಣಿಯವರಿಗೆ, ಸೋದರತ್ತೆಯರ ಬಳಗಕ್ಕೆ ಹೇಳಬೇಕಾದ ಋಣ ಯಾರಿಗೂ ಇಲ್ಲ. ಹೀಗೆ ವಿಂಗಡಿಸಿದರೆ ತಂದೆತಾಯಿಗಳ ಭಯ ಅರ್ಧ ಕಡಿಮೆಯಾಗುತ್ತದೆಂದು ನಮ್ಮ ನಂಬಿಕೆ.

ಉಳಿದ ಅರ್ಧದ ಹೊಣೆ ಅವರದಲ್ಲ, ನಮ್ಮೆಲ್ಲರದು. ನಿಜ ಹೇಳಿದವನ ಮನೆಯಿಂದ ಎದ್ದು ಬಂದು, ಮುಚ್ಚಿಟ್ಟವನ ಮನೆಯಲ್ಲಿ ತಾಂಬೂಲ ಬದಲಾಯಿಸಿಕೊಳ್ಳುವ ಸಮಾಜವೇ ಸುಳ್ಳಿಗೆ ಬೆಲೆ ಕಟ್ಟಿದೆ. ಹೃದ್ರೋಗವೆಂದ ಮಾತ್ರಕ್ಕೆ ಮದುವೆ ಕೂಡದೆಂದು ಯಾವ ವೈದ್ಯರೂ ಹೇಳುವುದಿಲ್ಲ. ಸಣ್ಣ ದೋಷವಿದ್ದವರು ಎಲ್ಲರಂತೆಯೇ ಹೆರಬಹುದು. ಕೆಲವರಿಗೆ ಗರ್ಭಧಾರಣೆಗೆ ಮುಂಚೆ ಚಿಕಿತ್ಸೆ ಬೇಕು. ಕಿರಿದಾದ ಕವಾಟವನ್ನು ಎದೆ ಕುಯ್ಯದೆ ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ ಅಗಲಿಸುವ ವಿಧಾನವನ್ನು ಜಪಾನಿನ ವೈದ್ಯ ಇನೌಯೆ 1984ರಲ್ಲೇ ಲೋಕಕ್ಕೆ ತಿಳಿಸಿದರು. ಅನಿವಾರ್ಯವಾದರೆ ಗರ್ಭಿಣಿಗೂ ಅದನ್ನು ಮಾಡುತ್ತಾರೆ. ಚಿತ್ರದುರ್ಗ ಬೃಹನ್ಮಠದ ಶ್ರೀ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದದ್ದು. ಶ್ವಾಸಕೋಶದ ರಕ್ತದೊತ್ತಡ ಬಹಳ ಏರಿದವರಂಥ ಕೆಲವರಿಗೆ ಮಾತ್ರ ಗರ್ಭವೇ ಬೇಡವೆಂದು ವೈದ್ಯರು ಖಚಿತವಾಗಿ ಹೇಳುತ್ತಾರೆ. ಅಂಥ ಮನೆಯಲ್ಲಿ ಮಕ್ಕಳಿಲ್ಲವೆಂದು ಆ ಹೆಣ್ಣುಮಗಳನ್ನು ಕುಟುಕುವವರು ತಾವು ಕೇಳುತ್ತಿರುವುದು ಮೊಮ್ಮಗನನ್ನಲ್ಲ, ಸೊಸೆಯ ಜೀವವನ್ನು ಎಂದು ತಿಳಿಯಬೇಕು.

ಇನ್ನೊಂದು ಮಾತು. ಜನನದ ಸೂತಕವನ್ನು ಶರಣರು ಒಪ್ಪಲಿಲ್ಲ. ಪಂಚಸೂತಕಗಳನ್ನು ತಳ್ಳಿಹಾಕಿದ ಪರಂಪರೆ ನಮ್ಮದೆಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮನೆಗೆ ಬಂದರೆ ಬಾಣಂತಿಯನ್ನು ಕತ್ತಲ ಕೋಣೆಯ ಮೂಲೆಗೆ ಸೇರಿಸಿ, ಗಂಡಸರು ಆ ಕಡೆ ಹಾಯಬಾರದೆಂದು ಬಾಗಿಲು ಎಳೆಯುವ ಪದ್ಧತಿ ಹಲವು ಕಡೆ ಉಳಿದಿದೆ. ಬೆಚ್ಚಗಿರಿಸುವುದು ಬೇರೆ, ಕಣ್ಣಿಂದ ದೂರವಿರಿಸುವುದು ಬೇರೆ. ಒಬ್ಬರ ಉಸಿರಾಟ ಕೆಡುತ್ತಿರುವುದನ್ನು ಕಾಣಬೇಕಾದರೆ ಹತ್ತಿರ ಕುಳಿತಿರಬೇಕು. ಸೂತಕವಿಲ್ಲವೆಂಬ ಮಾತಿಗೆ ಬಾಣಂತಿಯ ಕೋಣೆಯಲ್ಲಿ ಅರ್ಥ ಬರದಿದ್ದರೆ ಇನ್ನೆಲ್ಲಿ ಬಂದೀತು?

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಈ ಕೆಲವು ಸಂಗತಿಗಳು ನೆನಪಿರಲಿ. ಗರ್ಭಿಣಿಗೆ ಅಥವಾ ಬಾಣಂತಿಗೆ ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಮಲಗಿದಾಗ ಕೆಮ್ಮು, ಕಫದಲ್ಲಿ ನೊರೆ ಅಥವಾ ರಕ್ತ, ಎದೆ ಡವಡವ ಹೊಡೆದುಕೊಳ್ಳುವುದು, ತಲೆ ತಿರುಗಿ ಬೀಳುವುದು, ತುಟಿ ಉಗುರು ನೀಲಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನು ಮಾಡಬೇಕು. ತಮಿಳು ಬಾರದ ಸೊಸೆಯಂದಿರಿಗೆ "ಮೂಚ್ಚು ತಿಣರಲ್" ಎಂಬ ಮಾತನ್ನು ಕಲಿಸಿಡಿ. ನಮ್ಮ ಮೇಲುಸಿರಿಗೆ ಇಲ್ಲಿಯ ಆಸ್ಪತ್ರೆಗಳಲ್ಲಿ ಹಾಗೆನ್ನುತ್ತಾರೆ. ಬಾಲ್ಯದಲ್ಲಿ ಕೀಲುಜ್ವರ ಬಂದಿದ್ದವರು, ಹಿಂದೆ ಹೃದಯದಲ್ಲಿ ಸದ್ದಿದೆ ಎನಿಸಿಕೊಂಡವರು ಗರ್ಭ ನಿಂತ ಮೊದಲ ತಿಂಗಳಲ್ಲೇ, ಸಾಧ್ಯವಾದರೆ ಅದಕ್ಕೂ ಮುಂಚೆ, ಎಕೋ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೋವಿಲ್ಲದ ಪರೀಕ್ಷೆ ಅದು, ಗರ್ಭಕ್ಕೆ ತೊಂದರೆಯಿಲ್ಲ. ಧರ್ಮಪುರಿ, ಸೇಲಂ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಸೀರೆಯ ಮಡಿಕೆಯೊಳಗೆ ಹಳೆಯ ಆಸ್ಪತ್ರೆಯ ಚೀಟಿಗಳನ್ನೂ ಇಟ್ಟು ಕಳುಹಿಸಿ, ಅವು ಏನೆಂದು ಅವಳಿಗೆ ಹೇಳಿ.

ಮಠದ ಕಡೆಯಿಂದಲೂ ಒಂದು ತೀರ್ಮಾನವಾಗಿದೆ. ಮುಂದಿನ ಸಾಮೂಹಿಕ ವಿವಾಹಕ್ಕೆ ಹೆಸರು ಕೊಡುವ ವಧೂವರರಿಬ್ಬರನ್ನೂ ಒಂದು ತಿಂಗಳು ಮುಂಚೆ ವೈದ್ಯರಿಂದ ಪರೀಕ್ಷೆ ಮಾಡಿಸಲಾಗುವುದು. ಫಲಿತಾಂಶವನ್ನು ವೈದ್ಯರು ಪರೀಕ್ಷೆಗೆ ಬಂದವರಿಗೇ ತಿಳಿಸುತ್ತಾರೆ. ಮಠದ ಕಚೇರಿಯಲ್ಲಿ ಅದರ ಪಟ್ಟಿ ಇರುವುದಿಲ್ಲ, ನಾವು ಕೇಳುವುದೂ ಇಲ್ಲ. ಚಿಕಿತ್ಸೆ ಬೇಕಾದವರೊಡನೆ ಆಸ್ಪತ್ರೆಯವರೆಗೆ ಹೋಗಿಬರುವ ಕೆಲಸವನ್ನು ಮಾತ್ರ ಕಾರ್ಯದರ್ಶಿಯಾಗಿ ನಾವು ವಹಿಸಿಕೊಂಡಿದ್ದೇವೆ. ಇದರಿಂದ ಅರ್ಜಿಗಳು ಕಡಿಮೆಯಾಗುವುವೆಂದು ಕೆಲವು ಹಿರಿಯರು ಎಚ್ಚರಿಸಿದ್ದಾರೆ. ಆಗಬಹುದು. ನಲವತ್ತು ಜೋಡಿಯ ಬದಲು ಇಪ್ಪತ್ತು ಜೋಡಿಯಾದರೂ ನಮಗೆ ಸಂಕೋಚವಿಲ್ಲ.

ಆ ಹೆಣ್ಣುಮಗಳ ಹನ್ನೊಂದನೆಯ ದಿನ ನಾವು ಮತ್ತೆ ಅದೇ ಜಗಲಿಗೆ ಹೋಗಿದ್ದೆವು. ಅತ್ತೆ ಕೂಸಿಗೆ ಹಾಲು ಕುಡಿಸುತ್ತಿದ್ದರು. "ನನಗೆ ಗೊತ್ತಾಗಬೇಕಿತ್ತು ಸ್ವಾಮಿ" ಎಂದರು. ಮೊದಲ ದಿನ ಹೇಳಿದ ಮಾತಿಗೂ ಇದಕ್ಕೂ ಎಷ್ಟು ದೂರ! ಆ ತಾಯಿಯನ್ನು ಸಮಾಧಾನಪಡಿಸಲು ನಮಗೆ ಮಾತು ಸಿಗಲಿಲ್ಲ. ನಮಗೂ ಗೊತ್ತಾಗಬೇಕಿತ್ತು ಎಂದಷ್ಟೇ ಹೇಳಿ, ಕೂಸಿಗೆ ಕೈಮುಗಿದು ಬಂದೆವು.